ಅರವತ್ತರ ಮೇಲೆ ಏರದ ಬೈಕು

ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ತಡೆಯುವ ವಿಭಾಗದ ಮೇಲ್ವಿಚಾರಕರನ್ನು ಬೀದಿಯವರೆಲ್ಲ ಸೋರಿಕೆ ಸಾಹೇಬರೆಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ತಾವು ಮುಚ್ಚದೆ ಬಿಟ್ಟ ತೂತು ಒಂದೂ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆ ಯಾರೂ ಹೇಳದಿದ್ದುದರಿಂದ ಅವರೇ ಹೇಳಬೇಕಾಗಿತ್ತು. ಮನೆಯಿಂದ ಹೊರಡುವಾಗ ಉಳಿದವರು ಜೇಬು ತಡವಿ ಕನ್ನಡಕ ನೋಡಿಕೊಂಡರೆ ಇವರು ಅಂಟುಮುದ್ದೆ ನೋಡಿಕೊಳ್ಳುವರು. ಬೂದುಬಣ್ಣದ ಆ ಮುದ್ದೆಯನ್ನು ಕಲಸಿ, ತೂತಿನ ಮೇಲೆ ಒತ್ತಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಹತ್ತು ನಿಮಿಷದಲ್ಲಿ ಕಲ್ಲಾಗುತ್ತಿತ್ತು. ಮನೆಯ ಬಕೆಟ್ಟಿನ ಮೇಲೆ, ಕಿಟಕಿಯ ಚೌಕಟ್ಟಿನ ಮೇಲೆ, ಒಂದು ಜೊತೆ ಚಪ್ಪಲಿಯ ಮೇಲೆ ಅವರ ಹೆಬ್ಬೆರಳಿನ ಗೆರೆಗಳು ಅಚ್ಚಾಗಿದ್ದವು. ಒಮ್ಮೆ ಹೆಂಡತಿ ಆಸೆಪಟ್ಟು ತಂದ ಹೂವಿನ ಕುಂಡದ ತಳದಲ್ಲಿ ತೂತಿದೆ ಎಂದು ಅದನ್ನೂ ಮುಚ್ಚಿದರು. ಗಿಡ ಕೊಳೆಯಿತು. ಗಿಡದ ಜಾತಿಯೇ ಸರಿಯಿಲ್ಲ ಎಂದು ಸಾಹೇಬರು ತೀರ್ಪು ಕೊಟ್ಟರು.

ಇಂಥವರು ಐವತ್ತೊಂದನೇ ವಯಸ್ಸಿನಲ್ಲಿ ದೂರ ಪ್ರಯಾಣದ ದೊಡ್ಡ ಬೈಕು ಕೊಂಡರು. ಮಂಡಿ ನೋವಿನಿಂದ ಓಡಿಸಲಾರದೆ ಪಶುವೈದ್ಯರೊಬ್ಬರು ಮಾರಿದ ಹಳೆಯ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಎರಡೂ ಪಕ್ಕ ಸಾಮಾನಿನ ಪೆಟ್ಟಿಗೆ, ಹಿಂದೆ ಒರಗಿ ಕೂರಲು ಮೆತ್ತೆ. ಮದುವೆಯಾದ ವರ್ಷ ಹೆಂಡತಿಗೆ ಕೊಟ್ಟ ಮಾತೊಂದು ಹಾಗೇ ಉಳಿದಿತ್ತು: ದೊಡ್ಡ ಬೈಕಿನಲ್ಲಿ ದೂರ ಎಲ್ಲಾದರೂ ಕರೆದುಕೊಂಡು ಹೋಗುತ್ತೇನೆ ಎಂದು. ಹೆಂಡತಿ ಆಸ್ಪತ್ರೆಯಲ್ಲಿ ವಾರ್ಡಿನ ನರ್ಸು, ಬೀದಿಗೆಲ್ಲ ಸಿಸ್ಟರು. ಆಕೆ ಆ ಮಾತನ್ನು ಇಪ್ಪತ್ತೆರಡು ವರ್ಷ ಮರೆತಿರಲಿಲ್ಲ, ಕೇಳಿಯೂ ಇರಲಿಲ್ಲ. ಬೈಕು ಮನೆಗೆ ಬಂದ ದಿನ ತಾನೇ ಅಂಗಡಿಗೆ ಹೋಗಿ ಕೆಂಪು ಹೆಲ್ಮೆಟ್ಟೊಂದನ್ನು ತಂದಳು. ಸಾಹೇಬರು ಅದೇ ದಿನ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಸುತ್ತ ಮೂರು ಸಲ ತಿರುಗಿ, ಕಣ್ಣಿಗೆ ಬಿದ್ದ ಬಿರುಕು ತೂತುಗಳನ್ನೆಲ್ಲ ಮುಚ್ಚಿ, ಮೇಲೆ ಕಪ್ಪು ಬಣ್ಣ ಬಳಿದು, ಪಶುವೈದ್ಯರು ಗಾಡಿಯನ್ನು ಹೀಗೆ ಇಟ್ಟುಕೊಂಡಿದ್ದರೆ ಇನ್ನು ದನಗಳ ಗತಿ ಏನೋ ಎಂದು ಮರುಗಿದರು.

ಐದು ವಾರ ಕಳೆದರೆ ಮಾವನವರ ಎಂಬತ್ತನೇ ಹುಟ್ಟುಹಬ್ಬ. ಮಾವನ ಊರು ನೂರ ತೊಂಬತ್ತು ಕಿಲೋಮೀಟರ್. ಇದೇ ಊರಿನ ಇನ್ನೊಂದು ತುದಿಯಲ್ಲಿದ್ದ ಭಾವಮೈದುನ ಎಲ್ಲರೂ ತನ್ನ ಕಾರಿನಲ್ಲೇ ಹೋಗೋಣ ಎಂದಿದ್ದ. ಅವನ ಕಾರಿನಲ್ಲಿ ಕೂತರೆ ದಾರಿಯುದ್ದಕ್ಕೂ ಅವನ ಕಾರಿನ ಗುಣಗಾನ ಕೇಳಬೇಕಾಗುತ್ತಿತ್ತು. ಹೆಂಡತಿ ಫೋನು ಮಾಡಿ, ನಾವಿಬ್ಬರೂ ಬೈಕಿನಲ್ಲೇ ಬರುತ್ತೇವೆ ಎಂದು ಅಪ್ಪನಿಗೆ ಹೇಳಿಬಿಟ್ಟಳು. ಹೇಳುವಾಗ ಆಕೆಯ ದನಿಯಲ್ಲಿದ್ದ ಖುಷಿಯನ್ನು ಸಾಹೇಬರು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, ತಮಗೇ ಯಾರೋ ಹಾರ ಹಾಕಿದಷ್ಟು ಉಬ್ಬಿಹೋದರು.

ಮುಂದಿನ ಭಾನುವಾರ ಹೆದ್ದಾರಿಯಲ್ಲಿ ತಾಲೀಮು. ಹೆಂಡತಿಯನ್ನು ಪೆಟ್ರೋಲ್ ಬಂಕಿನಲ್ಲಿ ಕಾಯಿಸಬಾರದೆಂದು ಸಾಹೇಬರು ಹಿಂದಿನ ದಿನವೇ ಟ್ಯಾಂಕು ತುಂಬಿಸಿಟ್ಟಿದ್ದರು. ಹೆದ್ದಾರಿಗೆ ಬಿದ್ದ ಕೂಡಲೇ ಬೈಕು ತೊಂಬತ್ತಕ್ಕೆ ಏರಿತು. ಇಪ್ಪತ್ತು ಕಿಲೋಮೀಟರ್ ದಾಟುತ್ತಿದ್ದಂತೆ ಮುಳ್ಳು ಯಾರೂ ಕೇಳದೆ ಎಂಬತ್ತಕ್ಕೆ ಇಳಿಯಿತು, ಎಪ್ಪತ್ತಕ್ಕೆ ಇಳಿಯಿತು, ಅರವತ್ತಕ್ಕೆ ಬಂದು ಅಲ್ಲೇ ಕೂತಿತು. ಆಕ್ಸಿಲರೇಟರನ್ನು ಎಷ್ಟು ತಿರುವಿದರೂ ಅಷ್ಟೇ. ಒಂದು ಟ್ರಾಕ್ಟರು ಪಕ್ಕದಲ್ಲಿ ಹಾದುಹೋಯಿತು. ಆಮೇಲೆ ಹಿಂದೆ ಎರಡು ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡಿದ್ದ ಮೊಪೆಡ್ಡಿನವನು ಮುಂದೆ ಹೋಗಿ, ತಿರುಗಿ ನೋಡಿ, ಕನಿಕರದಿಂದ ಕೈ ಬೀಸಿದ.

“ರೀ, ಬ್ರೇಕ್ ಒತ್ಕೊಂಡೇ ಓಡಿಸ್ತಿದೀರಾ?” ಎಂದು ಹೆಂಡತಿ ಹಿಂದಿನಿಂದ ಕೇಳಿದಳು.

ಸಾಹೇಬರು ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದರು. ಹೆಂಡತಿ ಟೀ ಹೇಳಲು ಒಳಗೆ ಹೋದಾಗ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಇಣುಕಿದರು. ಮುಚ್ಚಳ ಸುಯ್ ಎಂದು ನಿಟ್ಟುಸಿರು ಬಿಟ್ಟಿತು. ಅಷ್ಟು ಬಿಗಿಯಾಗಿದೆ ಎಂದು ಅವರಿಗೆ ಒಳಗೊಳಗೇ ಸಮಾಧಾನವಾಯಿತು. ಟೀ ಕುಡಿದು ಹೊರಟರೆ ಬೈಕು ಮತ್ತೆ ತೊಂಬತ್ತು; ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಮತ್ತೆ ಅರವತ್ತು. ಇಂಜಿನ್ನಿಗೆ ದಣಿವಾಗುತ್ತದೆ, ಟೀ ಹೊತ್ತಿಗೆ ದಣಿವಾರಿಸಿಕೊಳ್ಳುತ್ತದೆ ಎಂದು ಸಾಹೇಬರು ವಿವರಿಸಿದರು. ಟೀ ಕುಡಿದದ್ದು ನಾವು ಎಂದು ಹೆಂಡತಿ ನೆನಪಿಸಿದಳು.

ಮೆಕ್ಯಾನಿಕ್ ಮೇಸ್ತ್ರಿ ಯಾವ ಬೈಕು ಬಂದರೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟು ಮೂಸುವವನು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೋ ಇಲ್ಲವೋ ವಾಸನೆಯಲ್ಲೇ ಹೇಳಬಲ್ಲೆನೆಂಬ ಹೆಮ್ಮೆ ಅವನದು. ಮೂಸಿ, ತಲೆಯಾಡಿಸಿ, ಪ್ಲಗ್ ಬದಲಾಯಿಸಿ, ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಿಕೊಂಡು ಬಂದು, ಗಾಡಿ ಬಾಣದ ಹಾಗೆ ಹೋಗುತ್ತದೆ ಎಂದ. ಮುಂದಿನ ಭಾನುವಾರ ದಂಪತಿಗಳು ಹೊರಟರು. ಇಪ್ಪತ್ತನೇ ಕಿಲೋಮೀಟರಿಗೆ ಬಾಣ ಬಿದ್ದುಹೋಯಿತು. ಮೇಸ್ತ್ರಿ ಮತ್ತೆ ಮೂಸಿದ, ಏರ್ ಫಿಲ್ಟರ್ ಬದಲಾಯಿಸಿದ, ಓಡಿಸಿದ, ತೊಂಬತ್ತು ಎಂದ. ಮೂರನೇ ಸಲ ಮೂಸಿದ, ಕಾರ್ಬುರೇಟರನ್ನು ಬಿಚ್ಚಿ ತೊಳೆದ, ಓಡಿಸಿದ. ಸಾಹೇಬರು ತಾವೂ ಒಬ್ಬರೇ ಹೋಗಿ ನೋಡಿದರು: ಹೆದ್ದಾರಿಯ ಬಾಯಲ್ಲಿದ್ದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹದಿನೈದು ಕಿಲೋಮೀಟರ್ ಓಡಿಸಿದರೆ ಮುಳ್ಳು ತೊಂಬತ್ತರಿಂದ ಕದಲಲಿಲ್ಲ.

ನಾಲ್ಕನೇ ಸಲ ಬೈಕು ತೆಗೆದುಕೊಂಡು ಹೋದಾಗ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ.

“ಸಾರ್, ನಾನು ಹೋದ್ರೆ ತೊಂಬತ್ತು. ನೀವೊಬ್ಬರೇ ಹೋದ್ರೂ ತೊಂಬತ್ತು. ಇನ್ನು ಉಳಿದಿದ್ದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. ಸಿಸ್ಟರು ನನ್ನ ತಾಯಿಗೆ ಇಂಜೆಕ್ಷನ್ ಕೊಡೋರು.”

ಉಳಿದದ್ದನ್ನು ಹೇಳಿದವರು ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡು. ಮೂವತ್ತೈದು ವರ್ಷ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಕೂತು ಬಂದಿದ್ದ ಅವರು ಲೋಕದ ಸಕಲ ಸಮಸ್ಯೆಯನ್ನೂ ಹಿಂದಿನಿಂದಲೇ ನೋಡುವ ಅಭ್ಯಾಸದವರು. ಇಂಜಿನ್ನಿಗೆ ಏನೂ ಆಗಿಲ್ಲ, ಎಳೆಯುವ ಬೋಗಿ ಜಾಸ್ತಿಯಾಗಿದೆ ಎಂದು ಕಾಂಪೌಂಡಿನ ಮೇಲೆ ಕೈಯೂರಿ ಹೇಳಿದರು. ಒಂದೇ ಬೋಗಿ ಇರುವುದಲ್ಲವೇ ಎಂದು ಸಾಹೇಬರು ಕೇಳಿದರು. ಬೋಗಿ ಎಷ್ಟು ಅನ್ನುವುದು ಮುಖ್ಯವಲ್ಲ, ಒಳಗೆ ಎಷ್ಟು ತುಂಬಿದೆ ಅನ್ನುವುದು ಮುಖ್ಯ ಎಂದು ಗಾರ್ಡು ದನಿ ತಗ್ಗಿಸಿ ಉತ್ತರಿಸಿದರು.

ಸಾಹೇಬರು ಶಿಸ್ತಿನ ಮನುಷ್ಯರು. ಇಲಾಖೆಯಲ್ಲಿ ಸೋರಿಕೆಗೊಂದು ದಫ್ತರ ಇಡುವ ಹಾಗೆ ಬೈಕಿಗೂ ಒಂದು ನೋಟ್‌ಬುಕ್ಕು ಇಟ್ಟಿದ್ದರು. ದಿನಾಂಕ, ಸ್ಥಳ, ವೇಗ, ಶಂಕಿತ ಕಾರಣ ಎಂದು ಗೆರೆ ಎಳೆದ ನಾಲ್ಕು ಅಂಕಣ. ಅಂದು ಸಂಜೆ ನಾಲ್ಕನೇ ಅಂಕಣದಲ್ಲಿ ದುಂಡಗೆ ಬರೆದರು: ಹಿಂಬದಿ ಭಾರ. ಬರೆದು, ನೋಟ್‌ಬುಕ್ಕನ್ನು ದಿನಸಿ ಚೀಟಿಗಳಿರುವ ಡ್ರಾಯರಿನಲ್ಲೇ ಇಟ್ಟರು. ತೂತು ಹುಡುಕುವುದರಲ್ಲಿ ಅಷ್ಟು ಚುರುಕಾದ ಕಣ್ಣಿಗೆ ತಾವೇ ಕೊರೆದುಕೊಂಡ ಇದು ಮಾತ್ರ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಆ ನೋಟ್‌ಬುಕ್ಕನ್ನು ರೋಗಿಯ ಚಾರ್ಟು ಓದುವ ಹಾಗೆ ಮೊದಲ ಪುಟದಿಂದ ಓದಿದಳು. ಸಾಹೇಬರು ಹಲ್ಲುಜ್ಜಿ ಬಂದಾಗ ಪುಟದ ಮೇಲೆ ಬೆರಳಿಟ್ಟು ಕೂತಿದ್ದಳು.

“ಹಿಂಬದಿ ಭಾರ ಅಂದ್ರೆ ಯಾರು?”

“ಅದು ತಾಂತ್ರಿಕ ಪದ ಕಣೇ. ಯಾರು ಅಂತ ಬರಲ್ಲ, ಏನು ಅಂತ ಬರುತ್ತೆ.”

ಟೀ ಅಂಗಡಿಯಿಂದ ಹೊರಟ ಮೇಲೆ ಮೊದಲ ಇಪ್ಪತ್ತು ಕಿಲೋಮೀಟರ್ ತೊಂಬತ್ತರಲ್ಲಿ ಹೋದಾಗ ಹಿಂಬದಿ ಭಾರ ಎಲ್ಲಿತ್ತು, ಅಂಗಡಿಯಲ್ಲೇ ಮರೆತುಬಂದಿದ್ದಿರಾ ಎಂದು ಆಕೆ ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ಆಗ ಸಾಹೇಬರು ತಲೆ ಕೆರೆದುಕೊಂಡು ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ದಣಿವಿನ ಸಿದ್ಧಾಂತವನ್ನು ಮತ್ತೆ ಮೊದಲಿನಿಂದ ವಿವರಿಸಿದರು. ಹೆಂಡತಿ ಎದ್ದು ಕೆಂಪು ಹೆಲ್ಮೆಟ್ಟನ್ನು ಗೂಟದಿಂದ ತೆಗೆದು ಅಡುಗೆಮನೆಗೆ ಒಯ್ದಳು. ಸಂಜೆ ಸಾಹೇಬರು ಬಂದು ನೋಡಿದರೆ ಅದರ ತುಂಬ ಈರುಳ್ಳಿ.

ಅಂದಿನಿಂದ ಆಕೆ ಗಂಡನ ಹತ್ತಿರ ಮಾತು ಬಿಟ್ಟಳು, ಉಳಿದವರ ಹತ್ತಿರ ಎರಡರಷ್ಟು ಮಾಡಿದಳು. ಎರಡು ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು. ಹಾಲಿನಾಕೆ ಸಾಹೇಬರನ್ನು ಕಂಡು ಮೂಗು ಮುರಿದಳು. ಇಲಾಖೆಯ ಇಂಜಿನಿಯರರು ಕರೆಸಿ, ಮನೆಯ ವಿಷಯವನ್ನು ಸರ್ಕಾರಿ ನಮೂನೆಯಲ್ಲಿ ಬರೆಯಬಾರದು ಎಂದು ತಿಳಿಹೇಳಿದರು. ಭಾವಮೈದುನನ ಫೋನು ಬಂತು.

“ಭಾವ, ನನ್ನ ಕಾರು ಯಾರನ್ನೂ ತೂಕ ಹಾಕಿ ಹತ್ತಿಸ್ಕೊಳ್ಳಲ್ಲ. ಅಕ್ಕನಿಗೆ ಹೇಳಿಬಿಡಿ.”

ಅಕ್ಕ ಮಾತಾಡಿದರೆ ತಾನೇ ಹೇಳುವುದು. ಹುಟ್ಟುಹಬ್ಬಕ್ಕೆ ಎಂಟು ದಿನ ಉಳಿದಾಗ ಆಕೆ ಬಾಯಿ ತೆರೆದಳು, ಅದೂ ಬೀದಿಯ ನಡುವೆ. ತನ್ನನ್ನು ತೂಗಿ, ಅಷ್ಟೇ ತೂಕದ ಮರಳನ್ನು ಬೈಕಿನ ಮೇಲೆ ಕಟ್ಟಿ ಓಡಿಸಿ ನೋಡಬೇಕು. ಬೈಕು ಮರಳಿಗೂ ನಿಧಾನವಾದರೆ ತಾನು ಬಾಯಿ ಮುಚ್ಚಿಕೊಂಡು ಕಾರು ಹತ್ತುವುದಾಗಿ ಹೇಳಿದಳು. ಗಾರ್ಡಿಗೆ ನಿವೃತ್ತಿಯಾದ ಮೇಲೆ ಇಷ್ಟು ಒಳ್ಳೆಯ ಕೆಲಸ ಸಿಕ್ಕಿರಲಿಲ್ಲ. ಬೀದಿಯ ತುದಿಯ ಗುಜರಿ ಅಂಗಡಿಯಲ್ಲಿ, ಹಳೆಯ ಫ್ಯಾನು ಬಕೆಟ್ಟುಗಳನ್ನು ಸರಿಸಿ, ತೂಕದ ಯಂತ್ರದ ಮೇಲೆ ಸಿಸ್ಟರು ತಲೆಯೆತ್ತಿ ನಿಂತಳು. ಅರವತ್ತೊಂದು ಕಿಲೋ ಎಂದು ಗುಜರಿಯವನು ಕೂಗಿ ಹೇಳಿದ. ಕಬ್ಬಿಣದ ತೂಕ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಹೇಳಿ ಗೊತ್ತಿರಲಿಲ್ಲ. ಗಾರ್ಡು ಚಮಚದಲ್ಲಿ ಹಾಕಿ ತೆಗೆದು ಅರವತ್ತೊಂದು ಕಿಲೋ ಮರಳನ್ನು ಚೀಲಕ್ಕೆ ತುಂಬಿ, ಹಗ್ಗದಿಂದ ಬಿಗಿದು, ಮೆತ್ತೆಗೆ ಒರಗಿಸಿ ಕೂರಿಸಿದರು.

ಸಾಹೇಬರು ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೊರಟರು. ಸಾಕ್ಷಿಗೆಂದು ಭಾವಮೈದುನ ಗಾರ್ಡನ್ನು ಕೂರಿಸಿಕೊಂಡು ಕಾರಿನಲ್ಲಿ ಹಿಂಬಾಲಿಸಿದ. ಹದಿನೈದು ಕಿಲೋಮೀಟರ್ ತೊಂಬತ್ತರಲ್ಲಿ ಹೋದರು. ಅಲ್ಲಿ ಭಾವಮೈದುನ, ಟ್ಯಾಂಕಿನಲ್ಲಿ ಏನಾದರೂ ಮೋಸ ನಡೆದಿದೆಯೋ ಎಂದು ಮುಚ್ಚಳ ತೆಗೆಸಿ ಒಳಗೆ ಟಾರ್ಚು ಬಿಟ್ಟು ನೋಡಿದ. ವಾಪಸು ಹದಿನೈದು ಕಿಲೋಮೀಟರ್, ಮತ್ತೆ ತೊಂಬತ್ತು. ಬೀದಿಯವರೆಲ್ಲ ಕಾಯುತ್ತಿದ್ದರು. ಹೆಂಡತಿಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಕಾಣಿಸಿತು. ತೂಕವಲ್ಲ ಎಂದು ಸಾಬೀತಾಯಿತಲ್ಲ. ಅಷ್ಟು ಹೊತ್ತಿಗೆ ಗಾರ್ಡು ಕಾರಿನಿಂದ ಇಳಿದು ತಮ್ಮ ವರದಿ ಒಪ್ಪಿಸಿದರು.

“ಮರಳು ಮಿಸುಕಾಡಲ್ಲ, ಮಾತಾಡಲ್ಲ. ಗಾಡಿ ಸರಾಗವಾಗಿ ಹೋಗೋದು ಅದಕ್ಕೇ.”

ಸಾಹೇಬರು ತಲೆಯಾಡಿಸಿದರು. ಅವರು ಯೋಚಿಸಿ ಆಡಿಸಿದ್ದಲ್ಲ. ತಾಂತ್ರಿಕ ಮಾತು ಯಾರು ಆಡಿದರೂ ಅವರ ತಲೆ ತನ್ನಷ್ಟಕ್ಕೆ ಆಡುತ್ತಿತ್ತು. ಆದರೆ ಇಡೀ ಬೀದಿ ನೋಡಿತು. ಹೆಂಡತಿಯೂ ನೋಡಿದಳು. ಆಕೆಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಇಪ್ಪತ್ತೆರಡು ವರ್ಷ ಒಂದು ಮಾತಿಗೆ ಕಾದವಳನ್ನು ಒಂದು ಚೀಲ ಮರಳು ಸೋಲಿಸಿತ್ತು.

“ಭಾನುವಾರ ಅಪ್ಪನ ಹುಟ್ಟುಹಬ್ಬಕ್ಕೆ ನಾನೇ ಬರ್ತೀನಿ, ಇದೇ ಬೈಕಲ್ಲಿ,” ಎಂದು ಆಕೆ ಮೆಲ್ಲಗೆ ಹೇಳಿದಳು. “ನನ್ನ ತಮ್ಮ ಕಾರು ತಗೊಂಡು ಹಿಂದೆ ಬರಲಿ. ದಾರಿಯಲ್ಲಿ ಬೈಕು ನಿಧಾನ ಆಯ್ತೋ, ನಾನು ಇಳಿದು ಅವನ ಜೊತೆ ಹೋಗ್ತೀನಿ. ಆಮೇಲೆ ಈ ಜನ್ಮದಲ್ಲಿ ನಿಮ್ಮ ಹಿಂದೆ ಕೂರಲ್ಲ. ಮರಳನ್ನ ಕೂರಿಸ್ಕೊಂಡು ತಿರುಗಿ.”

ಆಕೆ ಕಿರುಚಿದ್ದರೆ ಸಾಹೇಬರು ಹೆದರುತ್ತಿರಲಿಲ್ಲ. ಆ ವಾರವೆಲ್ಲ ಅವರಿಗೆ ಊಟ ಸೇರಲಿಲ್ಲ. ಟಯರಿಗೆ ಗಾಳಿ ತುಂಬಿಸಿದರು, ಚೈನಿಗೆ ಎಣ್ಣೆ ಬಿಟ್ಟರು, ಪಕ್ಕದ ಪೆಟ್ಟಿಗೆಗಳನ್ನು ಖಾಲಿ ಮಾಡಿದರು, ಕೊನೆಗೆ ತಮ್ಮ ಕೂದಲನ್ನೂ ಗಿಡ್ಡವಾಗಿ ಕತ್ತರಿಸಿಕೊಂಡು ಬಂದರು.

ಭಾನುವಾರ ಬೆಳಿಗ್ಗೆ ಹೆಂಡತಿ ಈರುಳ್ಳಿ ಸುರಿದು ಹೆಲ್ಮೆಟ್ಟು ಹಾಕಿಕೊಂಡಳು. ಹಿಂದೆ ಕೂತವಳು ಮಿಸುಕಾಡಲಿಲ್ಲ, ಮಾತಾಡಲಿಲ್ಲ. ಹತ್ತು ಕಿಲೋಮೀಟರ್, ತೊಂಬತ್ತು. ಹದಿನೈದು, ತೊಂಬತ್ತು. ಸಾಹೇಬರು ಮುಳ್ಳನ್ನೇ ನೋಡುತ್ತಿದ್ದರು. ಇಪ್ಪತ್ತೆರಡನೇ ಕಿಲೋಮೀಟರಿನಲ್ಲಿ ಮುಳ್ಳು ನಡುಗಿತು. ಎಂಬತ್ತು, ಎಪ್ಪತ್ತು, ಅರವತ್ತು. ಹಿಂದಿನಿಂದ ಭಾವಮೈದುನ ಹಾರ್ನು ಒತ್ತಿದ.

ಬೈಕು ರಸ್ತೆಯ ಪಕ್ಕದಲ್ಲಿ ನಿಂತಿತು. ಹೆಂಡತಿ ಇಳಿದು, ಹೆಲ್ಮೆಟ್ಟು ತೆಗೆದು ಸೀಟಿನ ಮೇಲಿಟ್ಟಳು. ಭಾವಮೈದುನ ಕಾರಿನ ಬಾಗಿಲು ತೆರೆದು ಹಿಡಿದ. ಸಾಹೇಬರು ಕೈಗಳಿಗೆ ಬೇರೆ ಕೆಲಸ ತೋಚದೆ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಮುಚ್ಚಳ ಸುಯ್ ಎಂದಿತು.

ಕಾರಿನೊಳಗೆ ಒಂದು ಕಾಲಿಟ್ಟಿದ್ದ ಹೆಂಡತಿ ನಿಂತಳು.

“ಏನದು ಸದ್ದು?”

“ಅದೇನಿಲ್ಲ, ತೆಗೆದಾಗಲೆಲ್ಲ ಬರುತ್ತೆ. ಅಷ್ಟು ಬಿಗಿಯಾಗಿದೆ.”

ಆಕೆ ಕಾಲು ಹೊರಗೆ ತೆಗೆದು ಹತ್ತಿರ ಬಂದಳು. ವಾರ್ಡಿಗೆ ಹೊಸದಾಗಿ ಸೇರಿದ ರೋಗಿಯನ್ನು ಕೇಳುವ ದನಿಯಲ್ಲಿ ಒಂದೊಂದೇ ಕೇಳಿದಳು. ಸದ್ದು ಯಾವತ್ತಿನಿಂದ? ಬೈಕು ಕೊಂಡಾಗಿನಿಂದ. ತೆಗೆದು ಮುಚ್ಚಿದ ಮೇಲೆ ಹೇಗೆ ಓಡುತ್ತದೆ? ಚೆನ್ನಾಗಿ. ಎಷ್ಟು ದೂರ? ಇಪ್ಪತ್ತು ಕಿಲೋಮೀಟರ್. ಮೇಸ್ತ್ರಿ ಓಡಿಸುವ ಮೊದಲು ತೆಗೆಯುತ್ತಿದ್ದನೇ? ಮೂಸಲು ತೆಗೆಯುತ್ತಿದ್ದ. ಮರಳಿನ ದಿನ ಎಷ್ಟು ಸಲ ತೆಗೆದಿರಿ?

“ಬಂಕಲ್ಲಿ ಒಂದು ಸಲ. ಆಮೇಲೆ ಇವನೇ ಒಂದು ಸಲ ತೆಗೆಸಿದ.”

ಹೆಂಡತಿ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಕರ್ಚೀಫಿನಿಂದ ಉಜ್ಜಿದಳು. ನಡುಮಧ್ಯದಲ್ಲಿ ಕಪ್ಪು ಬಣ್ಣ ಎದ್ದು, ಕೆಳಗೆ ಬೂದುಬಣ್ಣದ ಬೊಟ್ಟೊಂದು ಕಾಣಿಸಿತು. ಅದರ ಮೇಲೆ ಮನೆಯ ಬಕೆಟ್ಟಿನಲ್ಲಿ ದಿನವೂ ಕಾಣುವ ಅದೇ ಗೆರೆಗಳು.

“ಇಲ್ಲಿ ಏನಿತ್ತು?”

“ಒಂದು ಸಣ್ಣ ತೂತಿತ್ತು. ಮಳೆ ನೀರು ಹೋಗುತ್ತೆ ಅಂತ ಮೊದಲ ದಿನವೇ ಮುಚ್ಚಿದೆ,” ಎಂದರು ಸಾಹೇಬರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಚೂರು ಹೆಮ್ಮೆಯಿತ್ತು.

ಹೆಂಡತಿ ಕಣ್ಣು ಮುಚ್ಚಿ ತೆರೆದಳು.

“ಗಾಜಿನ ಬಾಟಲಿಯಲ್ಲಿ ಡ್ರಿಪ್ ಹಾಕುವಾಗ ಇನ್ನೊಂದು ಸೂಜಿ ಚುಚ್ತೀವಿ. ಯಾಕೆ ಗೊತ್ತಾ? ಗಾಳಿ ಒಳಗೆ ಹೋಗದಿದ್ರೆ ಔಷಧಿ ಕೆಳಗೆ ಇಳಿಯಲ್ಲ. ತುಂಬಿದ ಬಾಟಲಿ ತಲೆ ಮೇಲಿದ್ರೂ ರೋಗಿಗೆ ಹನಿ ಸಿಗಲ್ಲ. ನಿಮ್ಮ ಬೈಕಿಗೆ ಐದು ವಾರದಿಂದ ಉಸಿರು ಕಟ್ಟಿಸಿಟ್ಟು, ನನ್ನನ್ನ ಗುಜರಿ ಅಂಗಡಿಯಲ್ಲಿ ನಿಲ್ಲಿಸಿದ್ರಲ್ಲ.”

ಸಾಹೇಬರು ಮುಚ್ಚಳ ನೋಡಿದರು, ಟ್ಯಾಂಕು ನೋಡಿದರು, ಹೆಬ್ಬೆರಳು ನೋಡಿಕೊಂಡರು. ಭಾವಮೈದುನ ಕಾರಿನ ಬಾಗಿಲು ಮುಚ್ಚಿ, ಡಿಕ್ಕಿಯಿಂದ ಸ್ಕ್ರೂಡ್ರೈವರ್ ತಂದುಕೊಟ್ಟ. ಕಲ್ಲಿನಿಂದ ನಾಲ್ಕು ಏಟು ಕೊಟ್ಟ ಮೇಲೆ ಬೊಟ್ಟು ಇಡಿಯಾಗಿ ಎದ್ದು ಬಂತು. ಎಷ್ಟಾದರೂ ಸಾಹೇಬರ ಕೆಲಸ, ಸುಲಭಕ್ಕೆ ಬಿಡುವಂಥದ್ದಲ್ಲ. ಹೆಂಡತಿ ಸೇಫ್ಟಿ ಪಿನ್ನಿನಿಂದ ತೂತನ್ನು ಬಿಡಿಸಿ, ಆ ಬೊಟ್ಟನ್ನು ಕರ್ಚೀಫಿನಲ್ಲಿ ಕಟ್ಟಿ ಪರ್ಸಿನೊಳಗೆ ಹಾಕಿಕೊಂಡು, ಹೆಲ್ಮೆಟ್ಟು ತೊಟ್ಟು ಬೈಕು ಹತ್ತಿದಳು. ಉಳಿದ ನೂರ ಅರವತ್ತೆಂಟು ಕಿಲೋಮೀಟರಿನಲ್ಲಿ ಮುಳ್ಳು ತೊಂಬತ್ತು ಬಿಟ್ಟು ಇಳಿಯಲಿಲ್ಲ. ಕಾರು ಎಲ್ಲೋ ಹಿಂದೆ ಉಳಿಯಿತು. ದಾರಿಯಲ್ಲಿ ಆಕೆ ಆಡಿದ್ದು ಒಂದೇ ಮಾತು, ಸ್ವಲ್ಪ ನಿಧಾನ ಹೋಗಿ ಎಂದು. ಅದನ್ನು ಕೇಳಿ ಸಾಹೇಬರಿಗೆ ಕಣ್ಣು ತುಂಬಿ ಬಂತು, ಗಾಳಿಗೆ ಎಂದುಕೊಂಡರು.

ಅಲ್ಲಿಗೆ ಎಲ್ಲ ಮುಗಿಯಿತು ಎಂದೂ ಅಂದುಕೊಂಡರು.

ಮಂಗಳವಾರ ಬೆಳಿಗ್ಗೆ ಹೆಂಡತಿ ಅವರನ್ನು ಗುಜರಿ ಅಂಗಡಿಗೆ ಕರೆದೊಯ್ದಳು. ಗಾರ್ಡು, ಮೇಸ್ತ್ರಿ, ಹಾಲಿನಾಕೆ, ಮರಳಿನ ದಿನ ನೆರೆದಿದ್ದವರೆಲ್ಲ ಆಗಲೇ ಬಂದಿದ್ದರು. ಆಕೆ ಪರ್ಸಿನಿಂದ ಬೂದುಬಣ್ಣದ ಬೊಟ್ಟನ್ನು ತೆಗೆದು, ತಾನು ನಿಂತಿದ್ದ ಅದೇ ತೂಕದ ಯಂತ್ರದ ಮೇಲಿಟ್ಟಳು. ಮುಳ್ಳು ಅಲ್ಲಾಡಲಿಲ್ಲ. ಗುಜರಿಯವನು ಯಂತ್ರವನ್ನು ಒಮ್ಮೆ ತಟ್ಟಿ ನೋಡಿದ, ಬಗ್ಗಿ ನೋಡಿದ. ಇದಕ್ಕೆ ತೂಕವೇ ಬರುವುದಿಲ್ಲ ಎಂದು ಎಂದಿನ ದನಿಯಲ್ಲೇ ಕೂಗಿದ.

ಬೈಕನ್ನು ಹಿಡಿದು ನಿಲ್ಲಿಸಿದ ಭಾರ ಇದೇ ಎಂದು ಹೆಂಡತಿ ಎಲ್ಲರಿಗೂ ತೋರಿಸಿದಳು. ಗಾರ್ಡು ತುರ್ತು ಕೆಲಸ ನೆನಪಾಗಿ ಹೊರಡಲು ನೋಡಿದರು. ಹಾಲಿನಾಕೆ ದಾರಿಗೆ ಅಡ್ಡ ನಿಂತಳು. ಆಮೇಲೆ ಹೆಂಡತಿ ನೋಟ್‌ಬುಕ್ಕನ್ನು ತೆಗೆದು ಗಂಡನ ಮುಂದೆ ಹಿಡಿದಳು. ಸಾಹೇಬರು ‘ಹಿಂಬದಿ ಭಾರ’ವನ್ನು ಹೊಡೆದುಹಾಕಿದರು. ಅಂಕಣದ ತಲೆಯ ಮೇಲಿದ್ದ ‘ಶಂಕಿತ’ ಎಂಬುದನ್ನೂ ಹೊಡೆಯಲು ಆಕೆ ಹೇಳಿದಳು. ಅದನ್ನೂ ಹೊಡೆದು, ಕಾರಣದ ಕೆಳಗೆ ದುಂಡಗೆ ಬರೆದರು: ಮೇಲ್ವಿಚಾರಕರು. ಬರೆದು, ಅಭ್ಯಾಸಬಲದಿಂದ ಸಹಿ ಹಾಕಲು ಪೆನ್ನು ಎತ್ತಿದರು.

“ಸಹಿ ಬೇಡ,” ಎಂದಳು ಹೆಂಡತಿ. “ಹೆಬ್ಬೆಟ್ಟು ಒತ್ತಿ. ಬೊಟ್ಟಿನ ಮೇಲಿರೋ ಗೆರೆ ನಿಮ್ಮದೇನಾ ಅಂತ ಇವರೆಲ್ಲ ಹೋಲಿಸಿ ನೋಡ್ಲಿ.”

ಶಾಯಿಯ ಪ್ಯಾಡನ್ನು ಆಕೆ ಆಸ್ಪತ್ರೆಯಿಂದಲೇ ತಂದಿದ್ದಳು.